ಬಿಲ್ಲೆಯ ಅಡಿಯಲ್ಲಿದ್ದ ಹೆಸರು

ಜಗಳ ಶುರುವಾದದ್ದು ಹಾಲಿನ ಪಾತ್ರೆಯಿಂದ. ಆ ಮನೆಯ ಜಗಳಗಳೆಲ್ಲ ಅಡಿಗೆಮನೆಯಲ್ಲೇ ಹುಟ್ಟುವುದು. ಕೈಕಾಲು ಬಲಿತ ಮೇಲೆ ಉಳಿದ ಕೋಣೆಗಳಿಗೆ ನಡೆದುಕೊಂಡು ಹೋಗುವುದು. ಸೊಸೆ ಲಾಂಡ್ರಿಯಲ್ಲಿ ಇಡೀ ದಿನ ಇಸ್ತ್ರಿ ಮಾಡಿ, ಸೊಂಟ ಹಿಡಿದುಕೊಂಡು ಮನೆಗೆ ಬಂದು ನೋಡಿದರೆ ಹಾಲಿನ ಪಾತ್ರೆಯಲ್ಲಿ ಹಾಲಿಲ್ಲ. ಒಬ್ಬ ಪೊಲೀಸು, ಒಬ್ಬ ಕ್ಷೌರಿಕ, ಮೀನು ಮಾರುವ ಹೆಂಗಸೊಬ್ಬಳು, ಇನ್ನೂ ಐದಾರು ಜನ ಬೆರಳುದ್ದದವರು ಪಾದ ಮುಳುಗುವಷ್ಟು ಬಿಸಿನೀರಿನಲ್ಲಿ ನಿಂತಿದ್ದಾರೆ. ಪಕ್ಕದಲ್ಲಿ ಗಂಡ ಚಿಮಟ ಹಿಡಿದು ಕಾಯುತ್ತಿದ್ದಾನೆ. ಅಡಿಗೆಮನೆ ತುಂಬ ಹಳೆಯ ಅಂಟಿನ ನಾತ.

"ಇವರಿಗೆಲ್ಲ ಸ್ನಾನ ಮಾಡಿಸ್ತಿದ್ದೀರಾ?" ಎಂದಳು. "ಬೆಳಿಗ್ಗೆ ಹಾಲು ನನ್ನ ತಲೆ ಮೇಲೆ ಕಾಯಿಸಲಾ?"

ಗಂಡ ಸಮಾಧಾನ ಹೇಳಿದ. ಗೊಂಬೆಗಳ ಕಾಲಡಿಯ ಮರದ ಬಿಲ್ಲೆ ಬಿಡಿಸಬೇಕು, ಆ ಅಂಟು ಬಿಸಿನೀರಿಗಲ್ಲದೆ ಜಗ್ಗುವುದಿಲ್ಲ, ಅಂಗಡಿಯ ಸ್ಟೌ ಕೆಟ್ಟು ಕೂತಿದೆ, ಇದೇ ಕೊನೆಯ ಕಂತು. ಅವಳಿಗೆ ಅದು ಯಾವುದೂ ಬೇಕಿರಲಿಲ್ಲ. ಗೊಂಬೆಗಳನ್ನು ಎತ್ತಿ ಪೇಪರಿನ ಮೇಲೆ ಮಲಗಿಸುವಷ್ಟು ಮಾತ್ರ ಪುರುಸೊತ್ತು ಕೊಟ್ಟು, ನೀರು ಬಸಿದು, ತಳದಲ್ಲಿ ಉಳಿದ ಬಿಲ್ಲೆಗಳನ್ನು ಆಲೂಗಡ್ಡೆ ಸಿಪ್ಪೆಯ ಮೇಲೆ ಸುರಿದಳು. ಅಂಗಡಿಯಲ್ಲಿ ಮೊದಲೇ ಕಿತ್ತಿದ್ದ ಬಿಲ್ಲೆಗಳನ್ನೂ ಅವನು ಒಂದು ಕವರಿನಲ್ಲಿ ತಂದಿಟ್ಟಿದ್ದ. ಏನಕ್ಕಾದರೂ ಬರುತ್ತದೆ ಎಂದು ಯಾವುದನ್ನೂ ಎಸೆಯದ ಮನುಷ್ಯ. ಆ ಕವರೂ ಅದರ ಹಿಂದೆಯೇ ಹೋಯಿತು. ಸಿಟ್ಟಿನಲ್ಲಿ ಮನೆ ಸ್ವಚ್ಛ ಮಾಡುವ ಹೆಂಗಸರ ಮುಂದೆ ಯಾರೂ ನಿಲ್ಲಬಾರದು. ಕಸದ ಬುಟ್ಟಿ ಬಾಗಿಲಾಚೆಗೆ ಹೋಯಿತು, ಬೆಳಗಾಗುವಾಗ ಕಸದ ಗಾಡಿ ಬಂದು ಅದನ್ನು ಬರಿದು ಮಾಡಿಕೊಂಡು ಹೋಯಿತು.

ಅವನ ಅಂಗಡಿ ಬೀಗ ರಿಪೇರಿಯವನಿಗೂ ಹಳೇ ಬಟ್ಟೆಯವನಿಗೂ ನಡುವೆ ಸಿಕ್ಕಿಕೊಂಡ ಓಣಿಯಂಥ ಜಾಗ. ಬಣ್ಣ ಹಚ್ಚಿದ ಸೀಸದ ಪುಟ್ಟ ಗೊಂಬೆಗಳನ್ನು ಒಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರುವುದು ಅವನ ಕಸುಬು. ಕೇಳಿದವರು ನಗುತ್ತಾರೆ, ಆದರೆ ಅದಕ್ಕೂ ಹುಚ್ಚು ಹಿಡಿಸಿಕೊಂಡ ದೊಡ್ಡ ಮನುಷ್ಯರಿದ್ದಾರೆ. ಅವರು ಅಂಗಡಿಗೆ ಬಂದು ಮೊದಲು ಕೇಳುವ ಮಾತು, "ಕೈ ಯಾರದು?" ಸೀಸ ಎಲ್ಲ ಕಡೆ ಒಂದೇ ಅಚ್ಚಿನಿಂದ ಬಂದದ್ದು, ಬೆಲೆ ಇರುವುದು ಬಣ್ಣ ಹಚ್ಚಿದ ಕೈಗೆ. ಮಾರುವವನು ಆ ಹೆಸರು ಹೇಳಬೇಕು. ಹೇಳದೆ ಮಾರುವವನ ಬಾಗಿಲನ್ನು ಆ ಕಸುಬಿನಲ್ಲಿ ಯಾರೂ ಎರಡನೇ ಸಲ ತಟ್ಟುವುದಿಲ್ಲ.

ಆ ಮನೆಯಲ್ಲಿ ಆ ಕೈ ಅಕ್ಕನದು. ಅಂಗಡಿಯವನಿಗಿಂತ ಹತ್ತು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ನಾಲ್ಕು ಕೂದಲಿನ ಕುಂಚದಲ್ಲಿ ಪೊಲೀಸಿನವನ ಗುಂಡಿಗೆ ಹೊಳಪು ಕೊಟ್ಟು, ಮೀನಿನವಳ ಕೆನ್ನೆಗೆ ಚಳಿಯ ಕೆಂಪು ಕೊಟ್ಟು ತಲೆ ನರೆಸಿಕೊಂಡಳು. ತಮ್ಮನ ಅಂಗಡಿಯ ಮೊದಲ ಬಾಡಿಗೆ, ಸೊಸೆಯ ಹೆರಿಗೆ, ಅಜ್ಜಿಯ ಕಣ್ಣಿನ ಆಪರೇಷನ್ನು, ಎಲ್ಲ ಆ ಕುಂಚದ ತುದಿಯಿಂದಲೇ ಇಳಿದದ್ದು. ಅವಳು ಗೊಂಬೆಯ ಮೇಲೆ ಹೆಸರು ಹಾಕುತ್ತಿರಲಿಲ್ಲ. ಬಿಲ್ಲೆಯ ಅಡಿಗೆ, ತಲೆಕೆಳಗು ಮಾಡಿ ನೋಡಿದವರಿಗೆ ಮಾತ್ರ ಕಾಣುವ ಹಾಗೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. ಮೂರು ವರ್ಷದ ಹಿಂದೆ ಕೈ ನಡುಗಲು ಶುರುವಾಯಿತು. ಈಗ ಬಟ್ಟೆ ಮಡಚುತ್ತಾಳೆ, ಅಕ್ಕಿ ಆರಿಸುತ್ತಾಳೆ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾಳೆ.

ಮರುದಿನ ಬೆಳಿಗ್ಗೆ ಪೇಪರಿನ ಮೇಲೆ ಬರಿಗಾಲಿನಲ್ಲಿ ಮಲಗಿದ್ದ ತನ್ನ ಗೊಂಬೆಗಳನ್ನು ಅಕ್ಕ ನೋಡಿದಳು. ಪಕ್ಕದಲ್ಲಿ ಹೊಸ ಕಪ್ಪು ಬಿಲ್ಲೆಗಳ ಡಬ್ಬಿ ಇತ್ತು. ತಮ್ಮ ಬ್ರೆಡ್ಡು ತಿನ್ನುತ್ತಿದ್ದ.

"ಹಳೇ ಬಿಲ್ಲೆ ಎಲ್ಲಿ?"

"ಕಸಕ್ಕೆ ಹೋಯ್ತು ಅಕ್ಕ. ಇವಳು ಸುರಿದುಬಿಟ್ಲು."

"ಅದರಡಿ ನನ್ನ ಹೆಸರಿತ್ತು."

"ಗೊತ್ತು. ಗೊಂಬೆ ಕೊಳ್ಳೋ ಡಾಕ್ಟರಿಗೆ ಎಲ್ಲ ಒಂದೇ ಅಳತೆಯ ಬಿಲ್ಲೆ ಮೇಲೆ ಬೇಕಂತೆ. ಗಾಜಿನ ಬೀರುವಿನಲ್ಲಿ ಸಾಲಾಗಿ ಇಡ್ತಾರಂತೆ."

"ಹಾಗಾದ್ರೆ ಹೊಸ ಬಿಲ್ಲೆ ಮೇಲೆ ಬರಿ. ನನ್ನ ಕೈಯಲ್ಲಿ ಆಗಲ್ಲ, ನೀನೇ ಬರಿ."

ತಮ್ಮ ಬ್ರೆಡ್ಡಿನ ಕಡೆ ನೋಡಿದ. ಉತ್ತರ ಕೊಟ್ಟದ್ದು ಅಜ್ಜಿ, ಅಕ್ಕ ತಮ್ಮ ಇಬ್ಬರ ತಾಯಿ. ಆಕೆಯ ಹೊಟ್ಟೆಯಲ್ಲಿ ಊಟ ನಿಂತರೂ ಮಾತು ನಿಲ್ಲುವುದಿಲ್ಲ.

"ಗುಬ್ಬಿ ಬರೆದದ್ದು ಅಂತ ಡಾಕ್ಟರಿಗೆ ಹೇಳಿ ಆಗಿದೆಯಲ್ಲೇ. ಈಗ ಮತ್ತೆ ನಿನ್ನ ಹೆಸರು ಹಾಕಿದ್ರೆ ಹೇಗೆ?"

ವಿಷಯ ಹೊರಗೆ ಬಿದ್ದದ್ದು ಹೀಗೆ. ಈ ಗೊಂಬೆಗಳನ್ನೆಲ್ಲ ಒಬ್ಬ ಸಂಗೀತದ ಮೇಷ್ಟ್ರು ವರ್ಷಗಟ್ಟಲೆ, ತಿಂಗಳಿಗೊಂದರಂತೆ, ಅಕ್ಕನಿಂದಲೇ ಕೊಂಡಿದ್ದರು. ಒಂದು ಇಡೀ ಸಂತೆಬೀದಿ ಮಾಡುವ ಆಸೆ ಅವರಿಗೆ. ನಲವತ್ತಕ್ಕೆ ತೀರಿಕೊಂಡರು, ಎಂದರೆ ನಲವತ್ತು ಗೊಂಬೆಗೆ. ಅವರ ಮಕ್ಕಳು ಅದನ್ನು ತೂಕಕ್ಕೆ ಹಾಕುವವರ ಹಾಗೆ ಮಾರಿದರು, ತಮ್ಮ ಕೊಂಡುಕೊಂಡ. ಈಗ ಹಲ್ಲಿನ ಡಾಕ್ಟರೊಬ್ಬರು ಇಡೀ ಬೀದಿಯನ್ನು ಕೇಳಿದ್ದಾರೆ. ಜೊತೆಗೆ ಇಲ್ಲದ ಹನ್ನೆರಡು ಜನ, ಪೋಸ್ಟಿನವನು, ಬಲೂನು ಮಾರುವವನು, ಛತ್ರಿ ಹಿಡಿದವಳು, ಅದೇ ಕೈಯಲ್ಲಿ ಬರೆಸಿ ಕೊಡಬೇಕು. ಆಮೇಲೆ ಒಂದು ರೈಲು ನಿಲ್ದಾಣವೂ ಬೇಕಂತೆ. "ಕೈ ಯಾರದು?" ಎಂದು ಅವರು ಕೇಳಿದಾಗ ತಮ್ಮ ತನ್ನ ಮಗಳ ಹೆಸರು ಹೇಳಿದ್ದ.

ಮಗಳಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಎಲ್ಲರೂ ಗುಬ್ಬಿ ಅಂತಲೇ ಕರೆಯುವುದು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು; ಅತ್ತೆಯ ಪಕ್ಕ ಕೂತು ಚಿಕ್ಕಂದಿನಿಂದ ಬಣ್ಣ ಹಚ್ಚಲು ಕಲಿತಿದ್ದಳು. ಅಪ್ಪ ಅವಳಿಗೆ ಹೇಳಿದ್ದು ಇಷ್ಟೇ, ನೀನು ಸುಳ್ಳು ಹೇಳಬೇಡ, ಸುಮ್ಮನಿರು ಸಾಕು. ಸುಮ್ಮನಿರುವುದು ಸುಳ್ಳಲ್ಲ ಎಂದು ಅವಳೂ ನಂಬಿದ್ದಳು. ಆ ವಯಸ್ಸಿನಲ್ಲಿ ಜೆರಾಕ್ಸ್ ಮಿಷನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿದ್ದರೆ ಯಾರಾದರೂ ನಂಬುತ್ತಾರೆ.

"ಒಂದು ಮಾತು ನನ್ನ ಕೇಳಬಹುದಿತ್ತು," ಎಂದಳು ಅಕ್ಕ.

"ಕೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಅಜ್ಜಿ ನಡುವೆ ಬಾಯಿ ಹಾಕಿ, ಯಾರ ಹೆಸರಾದರೇನು, ಎಲ್ಲ ಒಂದೇ ಒಲೆಯ ಅನ್ನ ತಿನ್ನುವವರು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನಬಾರದು ಎಂದು ತೀರ್ಪು ಕೊಟ್ಟಳು. ಅಕ್ಕ ಟೀ ಲೋಟವನ್ನು ಕೆಳಗಿಟ್ಟು ತನ್ನ ಕೋಣೆಗೆ ಹೋದಳು. ಸೊಸೆ ಮಾತ್ರ ಚಪ್ಪಲಿ ಕೂಡ ಹಾಕದೆ ಬೀದಿಯ ಕೊನೆಯವರೆಗೆ ಓಡಿ ನೋಡಿ ಬಂದಳು. ಗಾಡಿ ಎಂದೋ ಹೋಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವಾಪಸು ಬಂದು ಅಕ್ಕನ ಬಾಗಿಲಲ್ಲಿ ನಿಂತು, "ಅತ್ತಿಗೆ, ನಂಗೆ ಗೊತ್ತಿರಲಿಲ್ಲ," ಎಂದಳು. ಆ ಮನೆಯಲ್ಲಿ ತಪ್ಪಾಯಿತು ಎನ್ನುವ ಅರ್ಥ ಬರುವ ಮಾತಾಡಿದವಳು ಅವಳೊಬ್ಬಳೇ, ತಪ್ಪು ಅವಳದಾಗಿರಲಿಲ್ಲ.

ಅಂದಿನಿಂದ ಅಕ್ಕ ಊಟದ ಮೇಜಿಗೆ ಬರಲಿಲ್ಲ. ಉಪವಾಸ ಕೂರುವ ಹೆಂಗಸಲ್ಲ ಅವಳು. ಎಲ್ಲರದ್ದೂ ಆದ ಮೇಲೆ ಅಡಿಗೆಮನೆಯಲ್ಲಿ ನಿಂತುಕೊಂಡೇ ತಿಂದು ತಟ್ಟೆ ತೊಳೆದಿಡುತ್ತಿದ್ದಳು. ಬಟ್ಟೆ ಮಡಚುವುದು, ಅಕ್ಕಿ ಆರಿಸುವುದು ತಪ್ಪಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ತಮ್ಮ ಮೊದಲ ವಾರ ಸಿಟ್ಟಾದ, ಎರಡನೇ ವಾರ ಅಕ್ಕನಿಗೆ ಇಷ್ಟ ಎಂದು ಕಿತ್ತಳೆಹಣ್ಣು ತಂದಿಟ್ಟ. ಹಣ್ಣು ಬುಟ್ಟಿಯಲ್ಲೇ ಒಣಗಿತು, ಕೊನೆಗೆ ಅಜ್ಜಿ ತಿಂದಳು.

ಗುಬ್ಬಿ ಜೆರಾಕ್ಸ್ ಅಂಗಡಿ ಬಿಟ್ಟು ಕಿಟಕಿಯ ಮೇಜಿಗೆ ಕೂತಳು. ಪೋಸ್ಟಿನವನ ಚೀಲ ಬಂತು, ಬಲೂನಿನ ಹೊಳಪು ಬಂತು, ಮುಖ ಬರಲಿಲ್ಲ. ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು. ಅಪ್ಪ ಹಿಂದೆ ಬಂದು ನಿಂತು ಚೆನ್ನಾಗಿದೆಯಲ್ಲ ಅನ್ನುತ್ತಿದ್ದ. ಅವನಿಗೆ ಚೆನ್ನಾಗಿರುವುದು ಯಾವುದು ಎಂದು ಗೊತ್ತಿತ್ತು, ಅದಕ್ಕೇ ಅವನ ಮಾತಿನಿಂದ ಹುಡುಗಿಗೆ ಇನ್ನಷ್ಟು ಭಯವಾಗುತ್ತಿತ್ತು. ಒಂದು ಮಧ್ಯಾಹ್ನ ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಕೋಣೆಗೆ ಹೋದಳು.

"ಅತ್ತೆ, ಇವನ ಕಣ್ಣು ಸ್ವಲ್ಪ ನೋಡ್ತೀರಾ?"

ಅತ್ತೆ ಭೂತಗನ್ನಡಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. "ಎಡಗಣ್ಣು ಪಕ್ಕದ ಮನೆ ಕಡೆ ನೋಡ್ತಿದೆ, ಬಲಗಣ್ಣು ಮೋರಿ ಕಡೆ. ಕಾಗದ ಯಾರಿಗೆ ಕೊಡ್ತಾನೆ ಇವನು?"

ಹುಡುಗಿ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. ಅತ್ತೆ ಸಮಾಧಾನ ಮಾಡಲಿಲ್ಲ. ಮುಖ ಬರೆದು ಅದರ ಮೇಲೆ ಕಣ್ಣು ಇಡಬಾರದು, ಮೊದಲು ಕಣ್ಣು ಇಟ್ಟು ಆಮೇಲೆ ಸುತ್ತ ಮುಖ ಕಟ್ಟಿಕೊಂಡು ಬರಬೇಕು, ತಪ್ಪಿದ್ದನ್ನು ಚರ್ಮದ ಬಣ್ಣವೇ ಮುಚ್ಚುತ್ತದೆ ಎಂದಳು. ಉಸಿರು ಬಿಟ್ಟಾದ ಮೇಲೆ, ಮತ್ತೆ ಎಳೆಯುವ ಮೊದಲು ಕುಂಚ ಮುಟ್ಟಿಸಬೇಕು ಎಂದಳು. ಮುಂದಿನ ದಿನಗಳಲ್ಲಿ ಇಬ್ಬರೂ ಕಿಟಕಿಯ ಬಳಿ ಕೂರತೊಡಗಿದರು. ಅತ್ತೆಯ ಕೈ ಮಡಿಲಲ್ಲಿ ನಡುಗುತ್ತಿತ್ತು, ಬಾಯಿ ನಡುಗದೆ ಹೇಳುತ್ತಿತ್ತು. ಗುಬ್ಬಿಯ ಕೈಯಲ್ಲಿ ಕಣ್ಣುಗಳು ಒಂದೊಂದಾಗಿ ನೇರವಾದವು.

ಕಲಿಸಿದ್ದಕ್ಕೆ ಅತ್ತೆ ಕೇಳಿದ್ದು ಒಂದೇ. "ಡಾಕ್ಟರಿಗೆ ಹೇಳು. ನಲವತ್ತು ನನ್ನವು, ಹನ್ನೆರಡು ನಿನ್ನವು ಅಂತ. ನಿಮ್ಮಪ್ಪ ಹೇಳಲ್ಲ. ನೀನು ಹೇಳು."

ಗುಬ್ಬಿ ಹೂಂ ಎಂದಳು. ಮನಸಾರೆ ಹೇಳಿದಳು, ಅದರಲ್ಲಿ ಸಂಶಯವಿಲ್ಲ.

ಡಾಕ್ಟರು ಒಂದು ಭಾನುವಾರ ಮನೆಗೇ ಬಂದರು. ಬಣ್ಣ ಹಚ್ಚುವವರನ್ನು ಕಣ್ಣಾರೆ ನೋಡಬೇಕಂತೆ. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಕೂತ ಕುರ್ಚಿಗೂ ನೋವಾಗದ ಹಾಗೆ ಕೂತರು. ಸೊಸೆ ಹಿಂದಿನ ದಿನವೇ ಲಾಂಡ್ರಿಯಿಂದ ಕೇಳಿ ತಂದ ಬಿಳಿ ಬಟ್ಟೆಯನ್ನು ಮೇಜಿಗೆ ಹಾಸಿದ್ದಳು. ಅಜ್ಜಿ ಹಲ್ಲು ತೋರಿಸಲೋ ಬೇಡವೋ ಎಂದು ಯೋಚಿಸುತ್ತಾ ಬಾಯಿ ಅರ್ಧ ತೆರೆದುಕೊಂಡಿದ್ದಳು. ಮೀನಿನವಳನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಡಾಕ್ಟರು ಗುಬ್ಬಿಗೆ ಹೇಳಿದರು, "ಇವಳ ಕೆನ್ನೆ ನೋಡಿದ್ರೆ ನನಗೆ ಚಳಿ ಆಗುತ್ತಮ್ಮ. ಇಷ್ಟು ಚಿಕ್ಕ ವಯಸ್ಸಿಗೆ ಇದನ್ನು ಎಲ್ಲಿ ನೋಡಿ ಕಲಿತೆ?"

ಆ ಹೊತ್ತಿಗೆ ಅಕ್ಕ ಟೀ ತಂದಳು. ತಾನೇ ತರುತ್ತೇನೆ ಎಂದು ಸೊಸೆಯ ಕೈಯಿಂದ ಟ್ರೇ ಕಿತ್ತುಕೊಂಡು ಬಂದಿದ್ದಳು. ಕಪ್ಪುಗಳು ಸಾಸರಿನ ಮೇಲೆ ಕಟಕಟ ಅನ್ನುತ್ತಿದ್ದವು. ಟ್ರೇ ಇಟ್ಟು, ಹೋಗದೆ, ಗುಬ್ಬಿಯ ಮುಖ ನೋಡುತ್ತಾ ನಿಂತಳು. ಗುಬ್ಬಿ ಅಪ್ಪನ ಮುಖ ನೋಡಿದಳು. ಅಪ್ಪನ ಹಣೆ ಬೆವರಿತ್ತು.

"ನಮ್ಮಕ್ಕ," ಎಂದ ತಮ್ಮ, ಮಗಳು ಬಾಯಿ ತೆರೆಯುವ ಮೊದಲೇ. "ಇವಳಿಗೆ ಎಲ್ಲ ಹೇಳಿಕೊಟ್ಟದ್ದು ಇವರೇ. ಇವರಿಲ್ಲದೆ ಈ ಗೊಂಬೆಗಳೇ ಇಲ್ಲ ಅಂದ್ಕೊಳ್ಳಿ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಡಾಕ್ಟರು ಎದ್ದು ನಿಂತು ಅಕ್ಕನಿಗೆ ಕೈ ಮುಗಿದರು. "ನೀವೂ ಹಿಂದೆ ಬರೀತಿದ್ರಾ?" ಎಂದು ಕೇಳಿದರು. ಅಕ್ಕ ಇನ್ನೂ ಗುಬ್ಬಿಯನ್ನೇ ನೋಡುತ್ತಿದ್ದಳು. ಗುಬ್ಬಿ ಟೀ ಕುಡಿಯತೊಡಗಿದಳು. ಅಕ್ಕ, "ಬರೀತಿದ್ದೆ," ಎಂದು ಹೇಳಿ ಒಳಗೆ ಹೋದಳು.

ಡಾಕ್ಟರು ಬೀದಿ ತಿರುಗುವುದನ್ನೇ ಕಾಯುತ್ತಿದ್ದಂತೆ ಮನೆ ಹೊತ್ತಿಕೊಂಡಿತು. ಈ ಸಲ ಅಕ್ಕ ಕೋಣೆಯಲ್ಲಿ ಉಳಿಯಲಿಲ್ಲ, ಹೊರಗೆ ಬಂದಳು.

"ನಾನಿನ್ನೂ ಸತ್ತಿಲ್ಲ ಕಣೋ. ಕಣ್ಣೆದುರಿಗೇ ನನ್ನ ಕೆಲಸಕ್ಕೆ ಇನ್ನೊಬ್ಬರ ಹೆಸರು ಹೇಳ್ತೀಯ, ನಾನು ಟೀ ತಂದುಕೊಡಬೇಕು."

"ಟೀ ತರೋಕೆ ಯಾರು ಹೇಳಿದ್ರು ನಿಂಗೆ? ಅಕ್ಕ, ಸ್ವಲ್ಪ ಅರ್ಥ ಮಾಡ್ಕೋ. ನಿನ್ನ ಹೆಸರು ಹೇಳಿದ್ರೆ ಅವರು ಏನಂತಾರೆ? ಉಳಿದದ್ದನ್ನೂ ಅವರ ಕೈಯಲ್ಲೇ ಬರೆಸಿ ಅಂತಾರೆ. ನಿನ್ನ ಕೈಗೆ ಒಂದು ಕಪ್ಪು ಹಿಡಿಯೋಕಾಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನಿಗೂ ಅದು ಗೊತ್ತಾಯಿತು, ಆದರೆ ಗೊತ್ತಾಗಿ ಏನು ಮಾಡುವುದು. ಸೊಸೆ ಮೇಜಿನ ಬಿಳಿ ಬಟ್ಟೆ ಎಳೆದು ಮುದ್ದೆ ಮಾಡುತ್ತಾ, "ಆ ಕೈ ದುಡಿದದ್ದು ತಿಂದೇ ನಿಮಗೆ ಇಷ್ಟು ಉದ್ದ ನಾಲಿಗೆ ಬಂದದ್ದು," ಎಂದಳು. ಸೊಸೆ ಹೀಗೆ ಮಾತಾಡಿದ್ದು ಅಜ್ಜಿಗೆ ಸಹಿಸಲಾಗಲಿಲ್ಲ. ಗುಬ್ಬಿ ಮೂಲೆಯಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಅಕ್ಕ ಅವಳನ್ನು ಬೈಯಲೂ ಇಲ್ಲ. ಬೈದಿದ್ದರೆ ಹುಡುಗಿಗೆ ಹಗುರವಾಗುತ್ತಿತ್ತು.

ಅದಾದ ಮೇಲೆ ಅಕ್ಕ ಕಿಟಕಿಯ ಕಡೆ ಬರಲಿಲ್ಲ, ಗುಬ್ಬಿ ಒಬ್ಬಳೇ ಕೂತು ಬರೆದಳು. ಹನ್ನೆರಡೂ ಮುಗಿದವು. ಕೊನೆಯವು ಎಷ್ಟು ಚೆನ್ನಾಗಿ ಬಂದವೆಂದರೆ ತಮ್ಮನೇ ಎರಡು ಸಲ ಕೈಯಲ್ಲಿ ಹಿಡಿದು ನೋಡಿದ. ಅವಳೇ ಪೆಟ್ಟಿಗೆ ಹೊತ್ತು ಡಾಕ್ಟರ ದವಾಖಾನೆಗೆ ಹೋದಳು. ಗೊಂಬೆಗಳನ್ನು ಇಟ್ಟು, ಬಾಗಿಲ ತನಕ ಬಂದು, ಮತ್ತೆ ಒಳಗೆ ಹೋಗಿ, ಮೊದಲ ನಲವತ್ತು ನನ್ನವಲ್ಲ, ನಮ್ಮತ್ತೆಯವು ಎಂದು ಹೇಳಿದಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ತಪ್ಪುತ್ತಿತ್ತೇನೋ.

ಮರುದಿನ ಡಾಕ್ಟರು ಅಂಗಡಿಗೆ ಬಂದಾಗ ತಮ್ಮನ ಎದುರಿಗೆ ಬೇರೆ ಇಬ್ಬರು ಗಿರಾಕಿಗಳು ಕೂತಿದ್ದರು. ಅವರ ಎದುರಿಗೇ ಡಾಕ್ಟರು ಕೇಳಿದರು: ನಿಮ್ಮ ಮಗಳು ಹೀಗೆ ಹೇಳುತ್ತಾಳೆ, ನಿಜವೇ? ಹೌದು ಎಂದರೆ ಆ ಇಬ್ಬರ ಬಾಯಿಂದ ಇಡೀ ಊರಿನ ಸಂಗ್ರಹಗಾರರಿಗೆ ಗೊತ್ತಾಗುತ್ತದೆ. ತಮ್ಮ ನಕ್ಕ. "ಅತ್ತೆ ಮೇಲೆ ಪ್ರಾಣ ಸಾರ್ ಅವಳಿಗೆ. ಅವರಿಗೆ ಹುಷಾರಿಲ್ಲ ನೋಡಿ, ಅವರ ಹೆಸರು ಬರಲಿ ಅಂತ ಹಾಗೆ ಹೇಳಿದ್ದಾಳೆ. ಮಗು ಮನಸ್ಸು."

ಸಂಜೆ ಅವನು ಇದನ್ನು ಮನೆಯಲ್ಲಿ ಹೇಳಿದ್ದು ಮಗಳ ಮೇಲೆ ರೇಗುತ್ತಾ. ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿಬಿಟ್ಟಳು.

"ಹೇಳೋ ಧೈರ್ಯ ಇಲ್ಲದಿದ್ರೆ ಹೋಗಲಿ. ಹೇಳಿದ ಹುಡುಗೀನ ಸುಳ್ಳಿ ಮಾಡಿ ಬಂದ್ರಲ್ಲ. ಮಗಳಿಗೆ ಹೆಸರು ತರ್ತೀನಿ ಅಂತ ಹೊರಟೋರು ತಂದ ಹೆಸರು ಇದೇನಾ?"

ಆ ರಾತ್ರಿ ಒಬ್ಬರೂ ಊಟ ಮಾಡಲಿಲ್ಲ, ಅಜ್ಜಿಯೊಬ್ಬಳು ಮೊಸರಿಗೆ ಬ್ರೆಡ್ಡು ಅದ್ದಿ ತಿಂದಳು. ತಮ್ಮ ಕೆಟ್ಟವನಲ್ಲ. ಅಕ್ಕನ ಕೈ ನಡುಗತೊಡಗಿದ ವರ್ಷ ಊರಿನ ಡಾಕ್ಟರರ ಮನೆಗಳನ್ನೆಲ್ಲ ಸುತ್ತಿದವನು ಅವನೇ. ಬೆಳಿಗ್ಗೆ ಗಡ್ಡ ಕೂಡ ಕೆರೆಯದೆ ದವಾಖಾನೆಗೆ ಹೋಗಿ, ಮಗಳು ಹೇಳಿದ್ದೇ ನಿಜ, ನಾನೇ ಸುಳ್ಳಾಡಿದ್ದು ಎಂದು ಒಪ್ಪಿಕೊಂಡ. ಡಾಕ್ಟರು ಕೋಟು ತೆಗೆದಿಟ್ಟು ಅವನ ಜೊತೆಗೇ ಮನೆಗೆ ಬಂದರು.

ಅಕ್ಕನ ಎದುರಿಗೆ ಕೂತು ಅವರು ಕೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ಹಳೆಯ ಬಿಲ್ಲೆ ಒಂದಾದರೂ ಇದೆಯೇ? ಇಲ್ಲ. ಬೇರೆ ಗೊಂಬೆ ಮನೆಯಲ್ಲಿದೆಯೇ? ಇಲ್ಲ, ಬರೆದದ್ದೆಲ್ಲ ಮಾರಿಯೇ ಈ ಮನೆ ನಡೆದದ್ದು. ಸಂಗೀತದ ಮೇಷ್ಟ್ರ ಮಕ್ಕಳಿಗೆ ಡಾಕ್ಟರು ಆಗಲೇ ಫೋನು ಮಾಡಿದ್ದರು. ಅಪ್ಪನ ಗೊಂಬೆಗಳ ಕಡೆ ನಾವು ಯಾವತ್ತೂ ತಿರುಗಿ ನೋಡಿದವರಲ್ಲ ಎಂದಿದ್ದರು ಅವರು. "ನಾನು ಬಿಲ್ಲೆ ಒಂದೇ ಅಳತೆ ಇರಲಿ ಅಂದೆ," ಎಂದು ಡಾಕ್ಟರು ತಮ್ಮನ ಕಡೆ ತಿರುಗಿದರು. "ಹೆಸರು ಕಿತ್ತುಹಾಕಿ ಅಂದಿರಲಿಲ್ಲ."

ಆಮೇಲೆ ತುಂಬ ಮೆಲ್ಲಗೆ, ಅಕ್ಕನಿಗೆ, "ಒಂದೇ ಒಂದು ಗುಂಡಿ ಬರೆದು ತೋರಿಸ್ತೀರಾ? ನಡುಗಿದ್ರೂ ಪರವಾಗಿಲ್ಲ. ಹೇಗೆ ಶುರು ಮಾಡ್ತೀರಿ ಅಂತ ನೋಡಿದ್ರೆ ಸಾಕು," ಎಂದರು.

ಗುಬ್ಬಿ ಓಡಿಹೋಗಿ ಕುಂಚ, ಬಣ್ಣ, ಒಂದು ಬರಿಯ ಸೀಸದ ಗೊಂಬೆ ತಂದಿಟ್ಟಳು. ಅಕ್ಕ ಮೂರು ವರ್ಷದ ಮೇಲೆ ಆ ಕುರ್ಚಿಯಲ್ಲಿ ಕೂತಳು. ಎಡಗೈಯಿಂದ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಉಸಿರು ಬಿಟ್ಟಳು. ಕುಂಚ ಗೊಂಬೆಯ ಎದೆಯ ಹತ್ತಿರ ಹೋಗಿ, ಅತ್ತಿತ್ತ ಆಡಿ, ಅದರ ಗದ್ದಕ್ಕೆ ತಾಗಿತು. ಅಲ್ಲೊಂದು ಗೀರು ಬಿತ್ತು. ಅಕ್ಕ ಕುಂಚ ಕೆಳಗಿಟ್ಟು ತುದಿಯನ್ನು ಬಟ್ಟೆಯಿಂದ ಒರೆಸಿ ನೇರ ಮಾಡಿದಳು.

"ಆಗಲ್ಲ," ಎಂದಳು.

ಡಾಕ್ಟರಿಗೆ ನಿಜವಾಗಿ ಬೇಜಾರಾಗಿತ್ತು. ಬಾಗಿಲಲ್ಲಿ ನಿಂತು ತಮ್ಮನಿಗೆ ಹೇಳಿದರು: "ಮೊದಲು ಮಗಳು ಅಂದ್ರಿ. ಆಮೇಲೆ ಅಕ್ಕ ಅಲ್ಲವೇ ಅಲ್ಲ ಅಂದ್ರಿ. ಈಗ ಅಕ್ಕ ಅಂತೀರಿ. ನಾಳೆ ನಿಮ್ಮ ತಾಯಿ ಅಂದ್ರೆ ಅದನ್ನೂ ಕೇಳ್ಬೇಕಾ? ನಂಗೆ ಈಗ ಯಾರ ಹೆಸರು ಬರೆಯೋಕೂ ಕೈ ಬರಲ್ಲ." ಮಾತಾಡಿದ ದುಡ್ಡು ಪೂರ್ತಿ ಕೊಟ್ಟರು. ರೈಲು ನಿಲ್ದಾಣದ ಮಾತು ಎತ್ತಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಆ ಇಬ್ಬರು ಗಿರಾಕಿಗಳೂ ಮತ್ತೆ ಬರಲಿಲ್ಲ.

ಗುಬ್ಬಿಗೆ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಜಾಗ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ. ಅಕ್ಕ ಊಟದ ಮೇಜಿಗೆ ವಾಪಸು ಬಂದಳು. ತಮ್ಮ ಅವಳ ತಟ್ಟೆಗೆ ತಾನೇ ಬಡಿಸುತ್ತಿದ್ದ, ಅವಳು ಬೇಡ ಅನ್ನುತ್ತಿರಲಿಲ್ಲ. ಇಬ್ಬರಿಗೂ ಹೆಸರಿಲ್ಲ, ಸಮ ಆಯಿತು, ಇನ್ನಾದರೂ ನೆಮ್ಮದಿಯಾಗಿ ಉಣ್ಣಿ ಎಂದು ಅಜ್ಜಿ ಒಂದು ದಿನ ಹೇಳಿದಳು. ಅದಕ್ಕೆ ಸೊಸೆಯೂ ತಿರುಗಿ ಬೀಳಲಿಲ್ಲ. ಬೀಳುವಷ್ಟು ಶಕ್ತಿ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಸಂತೆಬೀದಿಯನ್ನು ದವಾಖಾನೆಯ ಕಾಯುವ ಕೋಣೆಯಲ್ಲಿ ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ಹೋಗ್ಬೇಕು ಎಂದದ್ದು ಅಕ್ಕನೇ. ಗುಬ್ಬಿ ರಜೆ ಹಾಕಿ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಗೋಡೆಯುದ್ದಕ್ಕೆ ಗಾಜಿನ ಬೀರು, ಒಳಗೆ ದೀಪ, ಐವತ್ತೆರಡು ಜನ ಕಪ್ಪು ಬಿಲ್ಲೆಗಳ ಮೇಲೆ ವ್ಯಾಪಾರ ಮಾಡುತ್ತಿದ್ದಾರೆ. ಕೆನ್ನೆ ಊದಿದ ಗಂಡಸೊಬ್ಬ ನೋವು ಮರೆತು ಅದನ್ನೇ ನೋಡುತ್ತಾ ಕೂತಿದ್ದ. ಮೂಲೆಯಲ್ಲಿ ಹಿತ್ತಾಳೆಯ ಪಟ್ಟಿ: ಸಂತೆಬೀದಿ. ಬಣ್ಣ ಹಚ್ಚಿದವರು ಯಾರೆಂದು ತಿಳಿದಿಲ್ಲ.

ಗುಬ್ಬಿಯ ಮುಖ ಕೆಂಪಾಯಿತು. ಕೌಂಟರಿನ ಹುಡುಗಿಯ ಕಡೆ ಹೊರಟವಳನ್ನು ಅತ್ತೆ ತೋಳು ಹಿಡಿದು ನಿಲ್ಲಿಸಿದಳು.

"ಬೇಡ. ಇನ್ನು ನಾವು ಯಾರು ಹೇಳಿದ್ರೂ ಅದು ಸುಳ್ಳೇ ಆಗುತ್ತೆ."

ಅತ್ತೆ ಬೀರುವಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದಳು. ಕನ್ನಡಕ ಹಣೆಗೇರಿಸಿ ನೋಡಿದಳು, ಇಳಿಸಿ ನೋಡಿದಳು. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟುತ್ತಿತ್ತು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಛತ್ರಿ ಹಿಡಿದವಳ ಎದುರಿಗೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಗಾಳಿಗೆ ಛತ್ರಿ ಮಗುಚದ ಹಾಗೆ ಹಿಡಿದ ಆ ಹೆಂಗಸು ಯಾರನ್ನೋ ಹುಡುಕುವವಳಂತೆ ಎದುರಿಗೆ ನೋಡುತ್ತಿದ್ದಳು. ಅವಳು ಕೊನೆಯ ಹನ್ನೆರಡರಲ್ಲಿ ಒಬ್ಬಳು. ಅವಳ ಕಣ್ಣಿಗಾಗಿ ಗುಬ್ಬಿ ಒಂದು ವಾರ ಕೂತಿದ್ದಳು, ಅವಳು ಮುಗಿದ ದಿನ ತಾನೂ ಬರೆಯಬಲ್ಲೆ ಎಂದು ಮೊದಲ ಸಲ ಅನ್ನಿಸಿತ್ತು.

ಅತ್ತೆಯ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ನಗು ಬಂತು.

"ನೋಡೇ ಗುಬ್ಬಿ, ಹೆಸರು ಕಿತ್ರೂ ನನ್ನ ಕೈ ನಂಗೆ ಗೊತ್ತಾಗುತ್ತೆ. ಇದನ್ನು ಬರೆದಾಗ ನೀನಿನ್ನೂ ಸ್ಕೂಲಿಗೆ ಹೋಗ್ತಿದ್ದೆ. ಈ ಕಣ್ಣು ಬರೆದವಳು ನಾನು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ, ಅಲ್ವಾ?"

ಗುಬ್ಬಿ ಗಾಜಿನೊಳಗಿನ ಹೆಂಗಸನ್ನು ನೋಡಿದಳು.

"ಹೌದು ಅತ್ತೆ," ಎಂದಳು. "ಇದು ನಿಮ್ಮದೇ."